ಗೋಪುರ ಮೊದಲೋ, ಲೈನ್ ಮನೆ ಮೊದಲೋ: ಚರ್ಚನ್ನೂ ಸರ್ಕಾರವನ್ನೂ ಲೆಕ್ಕ ಕೇಳುವ ಬಗೆ

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಕಥೋಲಿಕ ಕುಟುಂಬ. ನಮ್ಮ ಧರ್ಮಕೇಂದ್ರದಲ್ಲಿ (ಒಂದು ಚರ್ಚಿಗೆ ಸೇರಿದ ಕುಟುಂಬಗಳ ಘಟಕ, ಪ್ಯಾರಿಷ್) ಹಳೇ ಚರ್ಚಿಗೆ ಹೊಸ ಮುಂಭಾಗ ಮತ್ತು ಗಂಟೆ ಗೋಪುರ ಕಟ್ಟಲು 60 ಲಕ್ಷದ ಯೋಜನೆ ಹಾಕಿದ್ದಾರೆ. ಮನೆಗೆ 25 ಸಾವಿರ ವಂತಿಗೆ. ಪೂಜೆಗೆ ಬರುವವರಲ್ಲಿ ಅರ್ಧದಷ್ಟು ಜನ ಕಾಫಿ ತೋಟದ ಲೈನಿನವರು, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ ಇರುವವರು; ಅವರ ಮಕ್ಕಳು ಕೊಯ್ಲಿನ ತಿಂಗಳಲ್ಲಿ ಶಾಲೆ ಬಿಡುತ್ತಾರೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲ, ಆದರೆ ರಸ್ತೆಗೆ ಸ್ವಾಗತ ಕಮಾನು ಎದ್ದಿದೆ. ಚರ್ಚಲ್ಲಿ ಕೇಳಿದರೆ ‘ದೇವರ ಕೆಲಸಕ್ಕೆ ಅಡ್ಡ ಬರಬೇಡಿ’ ಎನ್ನುತ್ತಾರೆ. ಹೊರಗೆ ಕೇಳಿದರೆ ‘ನಿಮ್ಮವರಿಗೆ ದೇಶದ ಮೇಲೆ ಪ್ರೀತಿ ಇಲ್ಲ’ ಎನ್ನುತ್ತಾರೆ. ನಾನು ಎಲ್ಲಿ, ಹೇಗೆ ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ, ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದೀರಿ. ಸಿಟ್ಟಿನಲ್ಲಿ ಹಾಗಾಗುವುದು ಸಹಜ, ಆದರೆ ಕೇಳಲು ಹೊರಟಾಗ ಬೇರೆ ಮಾಡಿಕೊಳ್ಳಿ. ಗೋಪುರಕ್ಕೆ ಉತ್ತರ ಕೊಡಬೇಕಾದವರು ಒಬ್ಬರು, ಡಾಕ್ಟರ್ ಹುದ್ದೆಗೆ ಇನ್ನೊಬ್ಬರು. ಕಾಗದವೂ ಬೇರೆ, ಗಡುವೂ ಬೇರೆ. ಎರಡಕ್ಕೂ ಸಾಮಾನ್ಯವಾಗಿರುವುದು ವಿಧಾನ ಮಾತ್ರ: ಯಾರನ್ನು ಕೇಳುತ್ತೀರೋ ಅವರು ತಾವೇ ಬರೆದಿಟ್ಟ ಮಾತನ್ನು ಮುಂದಿಟ್ಟು ಅವರ ಖರ್ಚಿನ ಪುಸ್ತಕ ತೆರೆಸುವುದು. ನಿಮ್ಮ ಅಭಿಪ್ರಾಯದಿಂದ ಅಳೆದರೆ ಅದು ಜಗಳ. ಅವರ ಮಾತಿನಿಂದಲೇ ಅಳೆದರೆ ಉತ್ತರ ಕೊಡದೆ ದಾರಿಯಿಲ್ಲ.

ಆ ಮಾತುಗಳು ಇವು. ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆ, ಜೀವನ ಮಟ್ಟ, ಸಾರ್ವಜನಿಕ ಆರೋಗ್ಯ ಸುಧಾರಿಸುವುದನ್ನು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲಿ ಸೇರಿಸಿದೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1254ನೇ ನಿಯಮ ಚರ್ಚಿನ ಆಸ್ತಿ ಯಾತಕ್ಕೆ ಎಂದು ಹೇಳುತ್ತದೆ: ದೈವಾರಾಧನೆ, ಗುರುಗಳ ಮತ್ತು ಇತರ ಸೇವಕರ ಜೀವನ ನಿರ್ವಹಣೆ, ಪ್ರೇಷಿತ ಕಾರ್ಯ (ಧರ್ಮಪ್ರಸಾರದ ಸೇವೆ) ಮತ್ತು ಪರೋಪಕಾರ, ಅದರಲ್ಲೂ ವಿಶೇಷವಾಗಿ ಬಡವರಿಗೆ. ಆರಾಧನೆ ಆ ಪಟ್ಟಿಯಲ್ಲಿ ಮೊದಲೇ ಇದೆ ಎಂಬುದನ್ನು ಗಮನಿಸಿ. ಗೋಪುರ ಕಟ್ಟುವುದೇ ತಪ್ಪು ಎಂದು ವಾದ ಹೂಡಿದರೆ ಮೊದಲ ಸಭೆಯಲ್ಲೇ ಸೋಲುತ್ತೀರಿ. ಪಟ್ಟಿಯ ಕೊನೆಯ ಭಾಗಕ್ಕೆ ಈ ವರ್ಷ ಎಷ್ಟು ರೂಪಾಯಿ ಹೋಯಿತು ಎಂಬುದು ನಿಮ್ಮ ಪ್ರಶ್ನೆಯಾಗಬೇಕು.

‘ಅಡ್ಡ ಬರಬೇಡಿ’ ಎನ್ನುವವರಿಗೆ ಅದೇ ಸಂಹಿತೆಯ 212ನೇ ನಿಯಮದ ಮೂರನೇ ಕಲಂ ತೋರಿಸಿ. ಧರ್ಮಸಭೆಯ ಒಳಿತಿಗೆ ಸಂಬಂಧಿಸಿದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೂ ಉಳಿದ ವಿಶ್ವಾಸಿಗಳಿಗೂ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವು ಸಂದರ್ಭಗಳಲ್ಲಿ ಕರ್ತವ್ಯವೂ ಹೌದು ಎಂದು ಅಲ್ಲಿದೆ. ಗೌರವದಿಂದ ತಿಳಿಸಬೇಕು ಎಂಬ ಷರತ್ತೂ ಅಲ್ಲೇ ಇದೆ. ಅದನ್ನು ಮರೆಯುವವರು ಬಹಳ. ಇನ್ನು, ನಿಮಗೆ ಹಚ್ಚುತ್ತಿರುವ ಎರಡು ಹಣೆಪಟ್ಟಿಗಳೂ ಹೊಸವಲ್ಲ. ಆಮೋಸನ ಗ್ರಂಥದ ಏಳನೇ ಅಧ್ಯಾಯ ಓದಿ. ಬೇತೇಲಿನ ಯಾಜಕ ಅಮಚ್ಯ, ಪ್ರವಾದಿ ಆಮೋಸ ಒಳಸಂಚು ಮಾಡುತ್ತಿದ್ದಾನೆ ಎಂದು ಅರಸನಿಗೆ ಹೇಳಿ ಕಳಿಸುತ್ತಾನೆ. ಇದು ಅರಸನ ಪವಿತ್ರಾಲಯ, ನಿನ್ನ ಊರಿಗೆ ಹೋಗು ಎಂದು ಆಮೋಸನಿಗೂ ಹೇಳುತ್ತಾನೆ. ರಾಜದ್ರೋಹದ ಆರೋಪವೂ ಗುಡಿಯಿಂದ ಹೊರಹಾಕುವ ಮಾತೂ ಒಬ್ಬನ ಬಾಯಿಂದಲೇ ಬಂದಿದ್ದವು. ಆಮೋಸ ಮಾತಾಡಿದ್ದು ತಕ್ಕಡಿ, ಅಳತೆ, ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುವ ವ್ಯಾಪಾರದ ಬಗ್ಗೆ. ಅಂದರೆ ಲೆಕ್ಕದ ಬಗ್ಗೆಯೇ.

ಈಗ ಚರ್ಚಿನ ಲೆಕ್ಕ.

ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಇದು 537ನೇ ನಿಯಮ. ಪಾಲನಾ ಸಮಿತಿ ಬೇರೆ, ಅದು 536ರಡಿ ಬರುತ್ತದೆ, ಸಲಹೆ ಕೊಡುವುದಷ್ಟೇ ಅದರ ಕೆಲಸ. ನಮ್ಮ ಕಡೆ ಎರಡನ್ನೂ ಬೆರೆಸಿ ‘ಕಮಿಟಿ’ ಎಂದುಬಿಡುತ್ತಾರೆ. ಹಾಗಾಗಿ ಪಾಲನಾ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದವರಿಗೆ ‘ಅದು ಇಲ್ಲಿನ ವಿಷಯವಲ್ಲ’ ಎಂಬ ಉತ್ತರ ಸಿಗುತ್ತದೆ, ತಾಂತ್ರಿಕವಾಗಿ ಅದು ಸರಿಯೂ ಇರುತ್ತದೆ. ಹಣಕಾಸು ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಹಳ ಕಡೆ ಒಬ್ಬ ಎಸ್ಟೇಟ್ ಮಾಲೀಕರು, ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಒಬ್ಬ ಗುತ್ತಿಗೆದಾರರು ಇರುತ್ತಾರೆ. ಲೈನಿನಿಂದ ಒಬ್ಬರೂ ಇಲ್ಲವೆಂದರೆ ನಿಮ್ಮ ಮೊದಲ ಬೇಡಿಕೆ ಅಲ್ಲೇ ಸಿಕ್ಕಿತು, ಅದಕ್ಕೆ ದುಡ್ಡೂ ಬೇಕಿಲ್ಲ.

ಆಡಳಿತ ನೋಡುವವರು ಆದಾಯ-ಖರ್ಚಿನ ಪುಸ್ತಕ ಇಡಬೇಕು, ವರ್ಷದ ಕೊನೆಗೆ ವರದಿ ಮಾಡಬೇಕು ಎಂದು 1284ನೇ ನಿಯಮ ಹೇಳುತ್ತದೆ. ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ಸ್ಥಳೀಯ ನಿಯಮದಂತೆ ವಿಶ್ವಾಸಿಗಳಿಗೇ ಒಪ್ಪಿಸಬೇಕು ಎನ್ನುವುದು 1287ರ ಎರಡನೇ ಕಲಂ. ಸಾಮಾನ್ಯ ಆಡಳಿತದ ಮಿತಿ ಮೀರಿದ ಖರ್ಚಿಗೆ ಮೇಲಿನವರ ಲಿಖಿತ ಅನುಮತಿ ಬೇಕು ಎಂದು 1281 ಹೇಳುತ್ತದೆ. ಮಿತಿ ಎಷ್ಟು ಎಂಬುದನ್ನು ಧರ್ಮಕ್ಷೇತ್ರ (ಒಬ್ಬ ಬಿಷಪ್ ಅಧೀನದ ಧರ್ಮಕೇಂದ್ರಗಳ ವಲಯ) ನಿಗದಿಪಡಿಸಿರುತ್ತದೆ. 60 ಲಕ್ಷ ಯಾವ ಲೆಕ್ಕದಲ್ಲೂ ದಿನನಿತ್ಯದ ಖರ್ಚಲ್ಲ, ಆ ಅನುಮತಿ ಪತ್ರ ಇದೆಯೇ ಎಂದು ಕೇಳಲು ನೀವು ಹಿಂಜರಿಯಬೇಕಾಗಿಲ್ಲ.

ನೋಟಿಸ್ ಬೋರ್ಡಿಗೆ ಅಂಟಿಸಿದ ಒಂದು ವರ್ಷದ ಲೆಕ್ಕವನ್ನು ಓದುವುದು ಹೇಗೆ? ಒಂದು ಕಾಲ್ಪನಿಕ ಹಾಳೆ ಇಟ್ಟುಕೊಳ್ಳೋಣ. ಭಾನುವಾರದ ಕಾಣಿಕೆ 4,20,000, ಹಬ್ಬದ ಕಾಣಿಕೆ 3,10,000, ಸಭಾಂಗಣದ ಬಾಡಿಗೆ 1,80,000. ಒಟ್ಟು ಸಾಮಾನ್ಯ ಆದಾಯ 9,10,000. ಇದರ ಕೆಳಗೆ ‘ಗೋಪುರ ನಿಧಿ 9,00,000’ ಎಂದು ಇನ್ನೊಂದು ಸಾಲು. ಖರ್ಚಿನ ಕಡೆ ಹಬ್ಬಕ್ಕೆ 2,75,000, ಬಡವರ ನಿಧಿಗೆ 22,000, ಉಳಿದದ್ದು ಸಂಬಳ, ಕರೆಂಟು, ದುರಸ್ತಿ, ಧರ್ಮಕ್ಷೇತ್ರದ ಪಾಲು.

ಹೆಚ್ಚಿನವರು ಇಲ್ಲಿ ಮೊದಲು ಮುಗಿಬೀಳುವುದು ಹಬ್ಬದ ಮೇಲೆ. ಸೀರಿಯಲ್ ಸೆಟ್, ಬ್ಯಾಂಡು, ಊಟ ಎಂದು ಎರಡೂಮುಕ್ಕಾಲು ಲಕ್ಷ! ಆದರೆ ಹಬ್ಬ ತಾನೇ 3,10,000 ತಂದಿದೆ, 35,000 ಉಳಿಸಿದೆ. ಅದನ್ನು ನಿಲ್ಲಿಸಿದರೆ ಬಡವರ ನಿಧಿಗೆ ಪೈಸೆಯೂ ಹೆಚ್ಚಾಗುವುದಿಲ್ಲ. ನೋಡಬೇಕಾದದ್ದು ಬಡವರ ನಿಧಿಯ ಸಾಲು: 9,10,000ದಲ್ಲಿ 22,000 ಎಂದರೆ ನೂರಕ್ಕೆ ಎರಡೂವರೆಗಿಂತ ಕಡಿಮೆ. ಗೋಪುರ ನಿಧಿಯನ್ನು ಈ ಭಾಗಾಕಾರಕ್ಕೆ ಸೇರಿಸಬೇಡಿ. ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕು ಎಂದು 1267ರ ಮೂರನೇ ಕಲಂ ಹೇಳುತ್ತದೆ. ಗೋಪುರಕ್ಕೆಂದು ಈಗಾಗಲೇ ಬಂದ ಹಣವನ್ನು ಶಾಲಾ ಫೀಸಿಗೆ ತಿರುಗಿಸಿ ಎಂದು ಕೇಳುವುದು ನಿಯಮಬಾಹಿರ. ಆದ್ದರಿಂದಲೇ ವಂತಿಗೆ ಎತ್ತುವುದಕ್ಕೆ ಮೊದಲು ಕೇಳಬೇಕು, ಎತ್ತಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಆ ನೂರಕ್ಕೆ ಎರಡೂವರೆಯನ್ನು ಹಿಡಿದು ಕೂಗುವುದಕ್ಕೂ ಮುಂಚೆ ಇನ್ನೆರಡು ಕಡೆ ವಿಚಾರಿಸಿ. ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇದ್ದರೆ ಅದರ ಡಬ್ಬಿ ಬೇರೆ, ಪುಸ್ತಕ ಬೇರೆ. ಅಲ್ಲಿಂದ ಹೋದ ಅಕ್ಕಿ, ಔಷಧಿಯ ಖರ್ಚು ಈ ಹಾಳೆಯಲ್ಲಿ ಕಾಣುವುದಿಲ್ಲ. ಧರ್ಮಕ್ಷೇತ್ರದ ಸಮಾಜ ಸೇವಾ ಸಂಸ್ಥೆಯ ಕೆಲಸವೂ ಕಾಣುವುದಿಲ್ಲ. ಅವನ್ನು ಕೂಡಿಸದೆ ಮಾತಾಡಿದರೆ ಸಭೆಯಲ್ಲಿ ಯಾರೋ ಒಬ್ಬರು ಎದ್ದು ಆ ಲೆಕ್ಕ ಹೇಳುತ್ತಾರೆ, ನಿಮ್ಮ ಉಳಿದ ಮಾತುಗಳೂ ಅದರ ಜೊತೆಗೇ ಕೊಚ್ಚಿ ಹೋಗುತ್ತವೆ.

ಗೋಪುರದ ಬಗ್ಗೆ ಕಟ್ಟಡದ ದೃಷ್ಟಿಯಿಂದಲೂ ಕೇಳಿ, ಏಕೆಂದರೆ ಮಲೆನಾಡಿನಲ್ಲಿ ಕಟ್ಟುವ ಖರ್ಚಿನಷ್ಟೇ ಉಳಿಸಿಕೊಳ್ಳುವ ಖರ್ಚೂ ತಲೆನೋವು. ಹಳೇ ಚರ್ಚು ಸುಣ್ಣದ ಗಾರೆಯ ಗೋಡೆ, ಮಂಗಳೂರು ಹೆಂಚಿನದ್ದಾದರೆ, ಅದಕ್ಕೆ ಅಂಟಿಸಿ ಆರ್‌ಸಿಸಿ ಗೋಪುರ ಎಬ್ಬಿಸಿದಾಗ ಎರಡರ ಪಾಯವೂ ಒಂದೇ ಪ್ರಮಾಣದಲ್ಲಿ ಕುಸಿಯುವುದಿಲ್ಲ. ನಡುವೆ ಎರಡನ್ನೂ ಬೇರೆಯಾಗಿಡುವ ಸಂದು ಬಿಡದಿದ್ದರೆ ಕೂಡಿಕೆಯಲ್ಲೇ ಬಿರುಕು, ಆ ಬಿರುಕಿನಲ್ಲೇ ಮಳೆ ನೀರು. ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಗೋಡೆ ಬೊಬ್ಬೆ ಏಳುತ್ತದೆ. ಸಮತಟ್ಟು ಸ್ಲ್ಯಾಬು ಸೋರಿ, ಅದರ ಮೇಲೆ ಶೀಟು ಹೊದೆಸಿದ ಸಭಾಂಗಣಗಳನ್ನು ಮೂಡಿಗೆರೆಯಿಂದ ಸಕಲೇಶಪುರದವರೆಗೆ ನೀವೇ ನೋಡಿರುತ್ತೀರಿ. ಈ ದುರಸ್ತಿಗಳೆಲ್ಲ ಗೋಪುರ ನಿಧಿಯಿಂದ ಆಗುವುದಿಲ್ಲ, ಅಷ್ಟರಲ್ಲಿ ಆ ನಿಧಿ ಖಾಲಿಯಾಗಿರುತ್ತದೆ. ಭಾನುವಾರದ ಕಾಣಿಕೆಯಿಂದ ಆಗುತ್ತವೆ, ಬಡವರ ಸಾಲು ಇನ್ನಷ್ಟು ತೆಳುವಾಗುತ್ತದೆ. ಮುಂದಿನ 10 ವರ್ಷ ಬಣ್ಣ, ಸಿಡಿಲು ವಾಹಕ, ಸೋರಿಕೆಗೆ ವರ್ಷಕ್ಕೆ ಎಷ್ಟು ಇಟ್ಟಿದ್ದೀರಿ ಎಂಬ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದ ಯೋಜನೆ ಇನ್ನೂ ಹಣ್ಣಾಗಿಲ್ಲವೆಂದೇ ಅರ್ಥ.

ಪತ್ರ ಹೀಗಿರಲಿ; ಒಂದು ಪುಟ ದಾಟದಿರಲಿ.

‘ಪೂಜ್ಯ ಫಾದರ್ ಅವರಿಗೆ, ಗೋಪುರ ಯೋಜನೆಗೆ ವಂತಿಗೆ ಎತ್ತುವ ಮುನ್ನ ಧರ್ಮಕೇಂದ್ರದ ಮಹಾಸಭೆಯಲ್ಲಿ ಈ ವಿಷಯಗಳನ್ನು ತಿಳಿಸಬೇಕೆಂದು ಕೆಳಗೆ ಸಹಿ ಮಾಡಿದ ಕುಟುಂಬಗಳು ಕೋರುತ್ತೇವೆ. ಒಂದು, ಕಳೆದ ಮೂರು ವರ್ಷಗಳ ಆದಾಯ-ಖರ್ಚಿನ ಹಾಳೆ. ಎರಡು, ಯೋಜನೆಯ ಅಂದಾಜು ಪಟ್ಟಿ, ಎಂಜಿನಿಯರ್ ಅಭಿಪ್ರಾಯ, ಧರ್ಮಕ್ಷೇತ್ರದ ಅನುಮತಿ ಪತ್ರ. ಮೂರು, ಯೋಜನೆ ನಡೆಯುವ ವರ್ಷಗಳಲ್ಲಿ ಬಡವರ ನಿಧಿಗೆ ಸಾಮಾನ್ಯ ಆದಾಯದ ಹತ್ತರಲ್ಲೊಂದು ಪಾಲು ಮೀಸಲಿಡುವ ಬಗ್ಗೆ ಹಣಕಾಸು ಸಮಿತಿಯ ನಿರ್ಧಾರ.’

ಇಷ್ಟೇ ಸಾಕು. ಫಾದರ್ ಕಾರಿನ ಬಗ್ಗೆಯಾಗಲಿ, ಬಿಷಪ್ ಮನೆಯ ಬಗ್ಗೆಯಾಗಲಿ, ಪಕ್ಕದ ಧರ್ಮಕೇಂದ್ರದ ಬಗ್ಗೆಯಾಗಲಿ ಒಂದಕ್ಷರ ಬೇಡ. ಮೂರನೇ ಬೇಡಿಕೆಯ ಹತ್ತರಲ್ಲೊಂದು ಎಂಬುದು ಚರ್ಚಿನ ಕಾನೂನಲ್ಲ, ಚೌಕಾಸಿಗೆ ಇಟ್ಟ ಸಂಖ್ಯೆ. ಇಪ್ಪತ್ತರಲ್ಲೊಂದಕ್ಕೆ ಬಂದು ನಿಂತರೂ ಮೇಲಿನ ಹಾಳೆಯ 22,000 ಎರಡು ಪಟ್ಟಾಗುತ್ತದೆ. ಪತ್ರದ ನಕಲಿಗೆ ‘ಸ್ವೀಕರಿಸಿದೆ’ ಎಂದು ದಿನಾಂಕ ಸಮೇತ ಸಹಿ ಹಾಕಿಸಿಕೊಳ್ಳಿ. ಒಂದು ತಿಂಗಳು ಕಾಯಿರಿ. ಉತ್ತರ ಬಾರದಿದ್ದರೆ ಅದೇ ಪತ್ರದ ನಕಲಿನೊಂದಿಗೆ ಧರ್ಮಾಧ್ಯಕ್ಷರಿಗೆ, ಅಂದರೆ ಬಿಷಪ್ಪರಿಗೆ, ಬರೆಯಿರಿ. ಚಿಕ್ಕಮಗಳೂರು ಧರ್ಮಕ್ಷೇತ್ರ 1963ರಲ್ಲಿ ಸ್ಥಾಪನೆಯಾದದ್ದು. ಹಾಸನ ಜಿಲ್ಲೆಯ ಧರ್ಮಕೇಂದ್ರಗಳಿಗೂ ಪತ್ರ ಹೋಗಬೇಕಾದ್ದು ಅಲ್ಲಿಗೇ. ಪ್ರತಿ ಧರ್ಮಕ್ಷೇತ್ರಕ್ಕೂ ತನ್ನದೇ ಹಣಕಾಸು ಸಮಿತಿ ಇರಬೇಕೆಂದು 492ನೇ ನಿಯಮ ಹೇಳುವುದರಿಂದ ಪ್ರತಿಯೊಂದನ್ನು ಅದಕ್ಕೂ ಕಳಿಸಬಹುದು.

ಕೋರ್ಟಿಗೆ ಹೋಗುತ್ತೇವೆ ಎಂಬ ಮಾತು ಮೊದಲ ದಿನವೇ ಬಾಯಿಗೆ ಬರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಸಾರ್ವಜನಿಕ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಆದರೆ ಅದು ಹಣ ದುರುಪಯೋಗದಂಥ ವಿಷಯಕ್ಕೆ. ಆದ್ಯತೆ ತಪ್ಪಾಯಿತು ಎಂಬುದನ್ನು ಯಾವ ಜಡ್ಜೂ ತಿದ್ದುವುದಿಲ್ಲ. ಸಂವಿಧಾನದ 26ನೇ ವಿಧಿ ಧಾರ್ಮಿಕ ಪಂಥಗಳಿಗೆ ತಮ್ಮ ಧಾರ್ಮಿಕ ವ್ಯವಹಾರ ನೋಡಿಕೊಳ್ಳುವ ಹಕ್ಕು ಕೊಟ್ಟಿದೆ.

ಸಭೆ ಕರೆಯುವ ದಿನ, ಹೊತ್ತಿನ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಪೂಜೆ ಮುಗಿದ ಕೂಡಲೇ ಮಹಾಸಭೆ ಎಂದರೆ ಲೈನಿನವರು ಕೂರುವುದಿಲ್ಲ. ರಜೆ ಸಿಗುವುದು ಭಾನುವಾರ ಒಂದೇ ದಿನ; ಸಂತೆ ಆಗಬೇಕು, ಜೀಪು ಹಿಡಿಯಬೇಕು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುತ್ತಿದ್ದಂತೆ ರೋಬಸ್ಟಾ ಕೊಯ್ಲು. ಮಾರ್ಚಿಗೆ ಆರ್ಥಿಕ ವರ್ಷವೂ ಮುಗಿಯುತ್ತದೆ. ಅಂದರೆ ಬಜೆಟ್ ನಿರ್ಧಾರವಾಗುವ ತಿಂಗಳುಗಳಲ್ಲೇ ಅವರು ಬರಲಾಗದ ಸ್ಥಿತಿಯಲ್ಲಿರುತ್ತಾರೆ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲ, ಆದರೆ ಪರಿಣಾಮ ಅದೇ. ವಾರ್ಡ್ ಪ್ರಾರ್ಥನೆಯ ಸಂಜೆ ಲೈನಿನಲ್ಲೇ ಕೂತು ಹಾಳೆ ಓದಿ ಹೇಳಿ, ಅಲ್ಲೇ ಸಹಿ ತೆಗೆದುಕೊಳ್ಳಿ.

ವಂತಿಗೆ ಕೊಡದ ಮನೆಗೆ ಮದುವೆ ಪತ್ರ ಇಲ್ಲ, ಸಮಾಧಿಗೆ ಜಾಗ ಇಲ್ಲ ಎಂಬ ಮಾತು ಎಲ್ಲಾದರೂ ಬಂದರೆ ಅದು ಒಂದು ನಿಮಿಷವೂ ನಿಲ್ಲದ ಮಾತು. ಬಡತನದ ಕಾರಣಕ್ಕೆ ಯಾರೂ ಸಂಸ್ಕಾರದಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕು ಎಂದು 848ನೇ ನಿಯಮ, ಅಂತ್ಯಕ್ರಿಯೆಗೆ ಅದೇ ಮಾತನ್ನು 1181ನೇ ನಿಯಮ ಹೇಳುತ್ತವೆ. ಇದಕ್ಕೆ ಸಹಿ ಸಂಗ್ರಹ, ಸಭೆ ಯಾವುದೂ ಬೇಡ. ಅಂದೇ ಧರ್ಮಾಧ್ಯಕ್ಷರ ಕಚೇರಿಗೆ ಬರೆಯಿರಿ.

ಇನ್ನೊಂದು ವಿಷಯ, ಎಲ್ಲರೂ ತಿಳಿದೂ ಸುಮ್ಮನಿರುವಂಥದ್ದು. ಗೋಪುರಕ್ಕೆ ದೊಡ್ಡ ಮೊತ್ತ ಕೊಡುವ ತೋಟದವರ ಲೈನಿನ ಸೂರು ಸೋರುತ್ತಿದ್ದರೆ? 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ ಮಾಲೀಕರ ಹೊಣೆ ಎಂದಿತು. 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ, ಇಲ್ಲವೇ ಅವರ ಮಕ್ಕಳ ಸಂಖ್ಯೆ 20 ಮುಟ್ಟುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದೂ ಹೇಳಿತು. ತೋಟ ಕಾರ್ಮಿಕರ ವಿಷಯವನ್ನು ಈಗ 2020ರ ವೃತ್ತಿ ಸುರಕ್ಷತೆ ಸಂಹಿತೆಯೊಳಗೆ ಸೇರಿಸಲಾಗಿದೆ. ಇಲ್ಲಿ ಕೇಳಬೇಕಾದದ್ದು ಚರ್ಚಿನ ದುಡ್ಡನ್ನಲ್ಲ, ಚರ್ಚಿನ ಬಾಯನ್ನು. ದಾನಿಯ ಹೆಸರು ಕಲ್ಲಿನಲ್ಲಿ ಕೆತ್ತುವ ಮೊದಲು ಗುರುಗಳು ಒಂದು ಸಂಜೆ ಆ ಲೈನಿಗೆ ಹೋಗಿ ಬರಲಿ ಎಂದು ಕೇಳಿ. ಜನವರಿಯಲ್ಲಿ ನಮ್ಮ ಕಡೆಯಿಂದ ವ್ಯಾನು ಕಟ್ಟಿಕೊಂಡು ಕಾರ್ಕಳದ ಅತ್ತೂರಿಗೆ ಹೋಗಿ ಮೋಂಬತ್ತಿ ಹಚ್ಚುತ್ತೇವಲ್ಲ, ಆ ಸಂತ ಲಾರೆನ್ಸರು ರೋಮಿನ ಚರ್ಚಿನ ಭಂಡಾರ ನೋಡಿಕೊಳ್ಳುತ್ತಿದ್ದ ಸೇವಕರು. 258ರಲ್ಲಿ ಅಧಿಕಾರಿ ಭಂಡಾರ ಒಪ್ಪಿಸು ಎಂದಾಗ ಅವರು ಅದನ್ನು ಹಂಚಿಬಿಟ್ಟು, ಬಡವರನ್ನು ಕರೆತಂದು ನಿಲ್ಲಿಸಿದರೆಂಬುದು ಪರಂಪರೆ. ಹರಕೆ ಹೇಳುವಾಗ ಈ ಭಾಗ ಯಾರಿಗೂ ನೆನಪಾಗುವುದಿಲ್ಲ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆಯವರು ಇದನ್ನು ಓದುತ್ತಿದ್ದರೆ ಅವರ ದಾರಿ ಬೇರೆ. ಅಲ್ಲಿ ಪಾಸ್ಟರೇಟ್ ಕಮಿಟಿಗೆ ಚುನಾವಣೆ ಇದೆ, ಲೆಕ್ಕ ಸಾಮಾನ್ಯ ಸಭೆಗೆ ಬರುತ್ತದೆ. ಮತ ಇರುವ ಕಡೆ ಪತ್ರಕ್ಕಿಂತ ಮತದಾರರ ಪಟ್ಟಿ ಮುಖ್ಯ. ಲೈನಿನವರ ಹೆಸರು ಅದರಲ್ಲಿದೆಯೇ, ಚಂದಾ ಬಾಕಿ ಎಂದು ಬಿಟ್ಟುಹೋಗಿದೆಯೇ ನೋಡಿ.

ಸರ್ಕಾರದ ವಿಷಯಕ್ಕೆ ಬರೋಣ. ‘ಕಮಾನಿನ ದುಡ್ಡಲ್ಲಿ ಡಾಕ್ಟರ್ ಇಡಬಹುದಿತ್ತಲ್ಲ’ ಎಂಬ ನಿಮ್ಮ ವಾದ ಕೇಳಲು ಚೆನ್ನ, ಆದರೆ ನಿಲ್ಲುವುದಿಲ್ಲ. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿಗಳು ಕಾಮಗಾರಿಗೆ ಇರುವಂಥವು. ಸಂಸದರಿಗೆ ವರ್ಷಕ್ಕೆ 5 ಕೋಟಿ, ಕರ್ನಾಟಕದ ಶಾಸಕರಿಗೆ 2 ಕೋಟಿ. ಅದರಿಂದ ಸಂಬಳ ಕೊಡಲಾಗುವುದಿಲ್ಲ. ಕಮಾನು ಯಾವ ನಿಧಿಯದ್ದು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಶಾಸಕರ ನಿಧಿಯದ್ದಾದರೆ ‘ಕಮಾನಿನ ಬದಲು ಡಾಕ್ಟರ ಕ್ವಾರ್ಟರ್ಸ್ ಯಾಕೆ ಆಗಲಿಲ್ಲ’ ಎಂಬ ಪ್ರಶ್ನೆ ಗುರಿ ಮುಟ್ಟುತ್ತದೆ. ಇರಲು ಮನೆಯಿಲ್ಲದ, ಸಂಜೆ ಆರರ ಮೇಲೆ ಬಸ್ಸಿಲ್ಲದ ಊರಿಗೆ ನೇಮಕ ಆದೇಶ ಬಂದರೂ ಡಾಕ್ಟರ್ ನಿಲ್ಲುವುದು ಕಷ್ಟ.

ಗುಡ್ಡಗಾಡು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ್ದೇ ಮಾನದಂಡ, ಬಯಲಿನಲ್ಲಿ 30,000. ಸಾರ್ವಜನಿಕ ಆರೋಗ್ಯಕ್ಕೆ ದೇಶದ ಒಟ್ಟು ಉತ್ಪನ್ನದ ಶೇಕಡ 2.5ರಷ್ಟು ಖರ್ಚು ಮಾಡುವ ಗುರಿಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಇಟ್ಟಿತ್ತು. ಶಿಕ್ಷಣಕ್ಕೆ ಶೇಕಡ 6 ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿದ್ದನ್ನೇ 2020ರ ಶಿಕ್ಷಣ ನೀತಿ ಮತ್ತೆ ಹೇಳಿತು. ದೇಶದ ಆದ್ಯತೆ ಪ್ರಶ್ನಿಸಲು ವಿರೋಧ ಪಕ್ಷದ ಭಾಷಣ ಬೇಕಿಲ್ಲ, ಇಷ್ಟು ಸಾಕು.

ಸ್ಥಳೀಯವಾಗಿ ಮೊದಲ ಹೆಜ್ಜೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ‘ಯಾಕೆ ಡಾಕ್ಟರ್ ಇಲ್ಲ’ ಎಂದು ಬರೆದರೆ ಅರ್ಜಿ ಸತ್ತಂತೆ, ಏಕೆಂದರೆ ಈ ಕಾಯ್ದೆಯಡಿ ಸಿಗುವುದು ಕಡತದಲ್ಲಿರುವ ದಾಖಲೆ, ಕಾರಣ ವಿವರಣೆಯಲ್ಲ. ಹೀಗೆ ಬರೆಯಿರಿ:

‘ಈ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಂಜೂರಾದ ಹುದ್ದೆಗಳ ಪಟ್ಟಿ, ಖಾಲಿ ಹುದ್ದೆಗಳು ಮತ್ತು ಖಾಲಿಯಾದ ದಿನಾಂಕ, ವೈದ್ಯಾಧಿಕಾರಿ ಹುದ್ದೆ ಭರ್ತಿಗಾಗಿ ಕಳಿಸಿದ ಪತ್ರಗಳ ನಕಲು, ವೈದ್ಯರ ವಸತಿಗೃಹದ ದುರಸ್ತಿಗೆ ತಯಾರಿಸಿದ ಅಂದಾಜು ಪಟ್ಟಿಯ ನಕಲು, ಆರೋಗ್ಯ ರಕ್ಷಾ ಸಮಿತಿಯ ಕಳೆದ ಎರಡು ವರ್ಷಗಳ ಸಭಾ ನಡಾವಳಿ ಮತ್ತು ಖರ್ಚಿನ ವಿವರ.’

ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಯ ಮಾಹಿತಿ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. 30 ದಿನ ಗಡುವು. ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಕಮಾನಿನ ಬಗ್ಗೆ ಬೇರೆ ಅರ್ಜಿ, ಬೇರೆ ಹತ್ತು ರೂಪಾಯಿ. ದಾಖಲೆ ಕೈಗೆ ಬಂದ ಮೇಲೆ ಗ್ರಾಮಸಭೆಗೆ ಹೋಗಿ, ವಸತಿಗೃಹದ ವಿಷಯವನ್ನು ನಿರ್ಣಯವಾಗಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ. ಬಾಯಲ್ಲಿ ‘ಆಯ್ತು ಮಾಡೋಣ’ ಎಂದದ್ದು ಲೆಕ್ಕಕ್ಕಿಲ್ಲ. ಊರಿನ ಬೇರೆ ಜಾತಿ, ಧರ್ಮದ ನಾಲ್ಕು ಮನೆಯವರ ಜೊತೆ ಹೋಗಿ. ಆರೋಗ್ಯ ಕೇಂದ್ರ ಎಲ್ಲರದ್ದು. ನೀವೊಬ್ಬರೇ ಹೋದರೆ ಅದನ್ನು ‘ಚರ್ಚಿನವರ ಗಲಾಟೆ’ ಮಾಡಲು ಸುಲಭ.

ದೇಶಪ್ರೇಮದ ಮಾತಿಗೆ ಕಾನೂನಿನ ಉತ್ತರ ಚಿಕ್ಕದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ದೇಶದ ಸಾರ್ವಭೌಮತೆಗೆ ಧಕ್ಕೆ ತರುವ ಕೃತ್ಯಗಳ ಬಗ್ಗೆ. ಸರ್ಕಾರದ ಕ್ರಮಗಳನ್ನು ಕಾನೂನುಬದ್ಧವಾಗಿ ಬದಲಾಯಿಸಬೇಕೆಂದು ಟೀಕಿಸುವುದು ಅದರಡಿ ಬರುವುದಿಲ್ಲ ಎಂಬ ವಿವರಣೆ ಆ ಕಲಮಿನಲ್ಲೇ ಇದೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ವಿಶ್ವಾಸದ ಕಾರಣಕ್ಕೆ ಹಾಡದೆ ಇದ್ದ ಕೇರಳದ ಮೂವರು ಕ್ರೈಸ್ತ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಪು ಕೊಟ್ಟಿತು. ಕಾನೂನು ನಿಮ್ಮ ಕಡೆ ಇದೆ. ಆದರೂ ವಾಟ್ಸಾಪ್ ಗುಂಪಿನಲ್ಲಿ ಬರೆಯುವ ಮೊದಲು ಒಮ್ಮೆ ಓದಿಕೊಳ್ಳಿ: ‘ಈ ದೇಶ’ ಎಂದು ಶುರುವಾದ ವಾಕ್ಯವನ್ನು ಹೊಡೆದು ‘ನಮ್ಮ ಆರೋಗ್ಯ ಕೇಂದ್ರ’ ಎಂದು ಶುರು ಮಾಡಿ.

ಚರ್ಚು ಮತ್ತು ಸರ್ಕಾರ ಒಂದಕ್ಕೊಂದು ತಾಗುವ ಜಾಗಗಳಲ್ಲಿ ಪ್ರಶ್ನೆ ಇನ್ನಷ್ಟು ಹರಿತವಾಗಬೇಕು. ಚರ್ಚ್ ದುರಸ್ತಿಗೆ, ಸಮುದಾಯ ಭವನಕ್ಕೆ ರಾಜ್ಯ ಸರ್ಕಾರದ ಅಲ್ಪಸಂಖ್ಯಾತರ ಇಲಾಖೆಯಿಂದ ಅನುದಾನ ಸಿಗುತ್ತದೆ. ನಿಮ್ಮ 60 ಲಕ್ಷದಲ್ಲಿ ಅದರ ಪಾಲಿದೆಯೇ? ಇದ್ದರೆ ಚರ್ಚಿನ ಪುಸ್ತಕಕ್ಕೆ ಮಾಹಿತಿ ಹಕ್ಕು ಅನ್ವಯಿಸದಿದ್ದರೂ ಇಲಾಖೆಯ ಕಡತಕ್ಕೆ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯ, ನಿಯೋಗ ಕಟ್ಟಿಕೊಂಡು ಶಾಸಕರ ಮನೆಗೆ ಹೋದಾಗ ಏನು ಕೇಳಿದೆವು ಎಂಬುದು. ಕಾಂಪೌಂಡ್ ಗೋಡೆ ಕೇಳಿ ಬಂದವರು ಅದೇ ಸೋಫಾದಲ್ಲಿ ಕೂತು ಆರೋಗ್ಯ ಕೇಂದ್ರದ ವಿಷಯ ಎತ್ತಿದ್ದರೇ?

ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, ಆಮೇಲೆ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ. ದಲಿತ ಕ್ರೈಸ್ತರಿಗೆ ಇಲ್ಲ. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಇದಕ್ಕೆ ಕಾರಣ. ಪ್ರತಿ ವರ್ಷ ಆಗಸ್ಟ್ 10ರಂದು ಧರ್ಮಸಭೆ ಇದರ ವಿರುದ್ಧ ದನಿ ಎತ್ತುತ್ತದೆ, ಎತ್ತಬೇಕಾದದ್ದೇ. ಹಾಗೆಯೇ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತ ಸಬಲೀಕರಣ ನೀತಿಯನ್ನೂ ಹೊರತಂದಿದೆ. ಹಣಕಾಸು ಸಮಿತಿಯಲ್ಲಿ ಲೈನಿನ ಒಬ್ಬರು ಬೇಕೆಂದು ಕೇಳುವಾಗ ಈ ಎರಡನ್ನೂ ಒಟ್ಟಿಗೆ ನೆನಪಿಸಿ. ಈ ನಡುವೆ ಮಕ್ಕಳ ಕೆಲಸ ನಿಲ್ಲಬಾರದು: ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಕರ್ನಾಟಕದ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ಪ್ರವರ್ಗ 1ಕ್ಕೆ, ಇತರ ಕ್ರೈಸ್ತರು 3ಬಿಗೆ ಬರುತ್ತಾರೆ. ಲೈನಿನ ಮಕ್ಕಳಿಗೆ ಸರಿಯಾದ ಪ್ರಮಾಣ ಪತ್ರ ಸಿಕ್ಕಿದೆಯೇ ಎಂದು ನಾಡಕಚೇರಿಯಲ್ಲಿ ನೋಡಿಸುವುದು ಯುವಕರ ಸಂಘ ಒಂದು ಶನಿವಾರದಲ್ಲಿ ಮುಗಿಸುವ ಕೆಲಸ.

ಶಾಲೆಯ ವಿಷಯದಲ್ಲೂ ಹಾಗೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡ 25 ಸೀಟು ಎಂದಿತು. 2014ರ ಸುಪ್ರೀಂ ಕೋರ್ಟ್ ತೀರ್ಪು ಅಲ್ಪಸಂಖ್ಯಾತ ಶಾಲೆಗಳನ್ನು ಅದರಿಂದ ಹೊರಗಿಟ್ಟಿತು. ಕಾನೂನು ಕಟ್ಟುಪಾಡು ಹಾಕಲಿಲ್ಲ ನಿಜ, ಕೊಡಬೇಡಿ ಎಂದೂ ಹೇಳಲಿಲ್ಲ. ನಿಮ್ಮ ಪಕ್ಕದ ಕಾನ್ವೆಂಟಿನಲ್ಲಿ ಲೈನಿನ ಮಕ್ಕಳು ಎಷ್ಟಿದ್ದಾರೆ, ಕೊಯ್ಲಿನ ತಿಂಗಳಲ್ಲಿ ಅವರನ್ನು ಉಳಿಸಿಕೊಳ್ಳಲು ಮಧ್ಯಾಹ್ನದ ಮೇಲೆ ನೋಡಿಕೊಳ್ಳುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಡಿಸೆಂಬರಿನಿಂದ ಮಾರ್ಚಿನವರೆಗೆ ಸಂಜೆ ಆರರ ತನಕ ಒಂದು ಕೋಣೆ, ಇಬ್ಬರು ಟೀಚರು, ತಿಂಡಿ; ಇದಕ್ಕೆ ಎಷ್ಟು ಬೇಕು, ಗೋಪುರದ ಶಿಲುಬೆಗೆ ಹಾಕುವ ದೀಪಾಲಂಕಾರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ. ಅಂದಾಜು ಪಟ್ಟಿ ಕೈಗೆ ಬಂದಾಗ ಆ ಎರಡು ಸಾಲುಗಳನ್ನು ಪಕ್ಕಪಕ್ಕ ಬರೆದು ಸಭೆಯಲ್ಲಿ ಓದಿ.

ಇಷ್ಟೆಲ್ಲ ಕೇಳಿಯೂ ಬಹುಮತ ಗೋಪುರವೇ ಮೊದಲು ಎಂದರೆ? ಹಾಸನದ ಶೆಟ್ಟಿಹಳ್ಳಿಯ ಹಳೇ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವುದನ್ನು ತೋರಿಸಿ ‘ಕಟ್ಟಡ ಯಾವುದೂ ಶಾಶ್ವತವಲ್ಲ’ ಎಂದು ವಾದಿಸುವವರಿದ್ದಾರೆ. ಅದು ಫೋಟೋಗೆ ಚೆಂದ, ಸಭೆಯಲ್ಲಿ ಯಾರ ಮನಸ್ಸನ್ನೂ ಬದಲಿಸುವುದಿಲ್ಲ. ನಿಮ್ಮ ಕೈಯಲ್ಲಿರುವುದು ನಿಮ್ಮ 25 ಸಾವಿರ. ಕಾಣಿಕೆ ಕೊಡುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದವರ ಮಾತಿಗೆ ಮುಂದಿನ ವರ್ಷ ಬೆಲೆಯಿರುವುದಿಲ್ಲ. ಆದರೆ ಉದ್ದೇಶ ಬರೆದು ಕೊಡಿ. ನಗದಾಗಿ ಕೊಡದೆ ಚೆಕ್ಕಿನಲ್ಲಿ ಕೊಡಿ, ಜೊತೆಗಿನ ಕಾಗದದಲ್ಲಿ ‘ತೋಟ ಕಾರ್ಮಿಕರ ಮಕ್ಕಳ ಶಿಕ್ಷಣಕ್ಕೆ ಮಾತ್ರ’ ಎಂದಿರಲಿ, ರಸೀದಿಯಲ್ಲೂ ಅದೇ ಪದಗಳನ್ನು ಬರೆಸಿಕೊಳ್ಳಿ. ನ್ಯಾಯವಾದ ಕಾರಣವಿಲ್ಲದೆ ಇಂಥ ಕಾಣಿಕೆಯನ್ನು ನಿರಾಕರಿಸುವಂತಿಲ್ಲ, ಬೇರೆಯದಕ್ಕೆ ಬಳಸುವಂತೆಯೂ ಇಲ್ಲ. ಎರಡೂ ಅದೇ 1267ನೇ ನಿಯಮದಲ್ಲಿವೆ. ಹತ್ತು ಮನೆ ಹೀಗೆ ಕೊಟ್ಟರೆ ಮುಂದಿನ ಏಪ್ರಿಲಿನ ಹಾಳೆಯಲ್ಲಿ ಎರಡೂವರೆ ಲಕ್ಷದ ಹೊಸ ಸಾಲೊಂದು ಬರಲೇಬೇಕು, ಅದರ ಎದುರು ಖರ್ಚಿನ ವಿವರವೂ ಬರಬೇಕು. ಬಾರದಿದ್ದರೆ ಆ ರಸೀದಿಗಳ ನಕಲನ್ನು ಲಗತ್ತಿಸಿ ಎರಡನೇ ಪತ್ರ ಬರೆಯಿರಿ.